ಅವನು ಹೋದ ಮೇಲೂ ಉಳಿದ ಹಂಬಲವನ್ನು ಏನು ಮಾಡಬೇಕು

ನಾನು ಪ್ರೀತಿಸಿದವನಿಗೆ ಬೇರೆ ಕಡೆ ನಿಶ್ಚಿತಾರ್ಥ ಆಗಿದೆ ಅಂತ ನನಗೆ ಗೊತ್ತಾಗಿದ್ದು ಗೆಳತಿಯೊಬ್ಬಳ ವಾಟ್ಸಾಪ್ ಸ್ಟೇಟಸ್ ನೋಡಿ. ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಿದ್ದೆ. ಮೂರು ಬಸ್ ಬಂದು ಹೋದವು, ಹತ್ತಲಿಲ್ಲ. ನಿಮಗೂ ಹೀಗೇ ಏನಾದರೂ ಆಗಿದ್ದರೆ, ನಾನು ಮಾಡಿದ್ದನ್ನು ಹೇಳುತ್ತೇನೆ.

ಮೊದಲು ಫೋನ್. ಅವನ ನಂಬರ್ ಬ್ಲಾಕ್ ಮಾಡಿ. ಇನ್ನೊಂದು ನಂಬರ್ ಸೇವ್ ಮಾಡಿಕೊಳ್ಳಿ, 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಊಟ ನಿದ್ದೆ ಬಿಟ್ಟುಹೋಗಿ ಸಾಯುವ ಯೋಚನೆ ಬಂದರೆ ಜಪ ಒಂದೇ ಸಾಕಾಗುವುದಿಲ್ಲ, ತಡ ಮಾಡದೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಮೋಸವನ್ನು ಮೋಸ ಅಂತಲೇ ಕರೆಯಿರಿ. ಎಲ್ಲಾ ದೇವರ ಇಚ್ಛೆ ಅಂತ ಸುಮ್ನೆ ಮುಚ್ಚಿಹಾಕಬೇಡಿ. ಈಗಲೇ ಕ್ಷಮಿಸಬೇಕು ಅಂತಲೂ ಇಲ್ಲ. ಸಿಟ್ಟು ನುಂಗಿಕೊಂಡು ಕೈ ಮುಗಿದಾಗ ನನಗೆ ದೇವರ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. ದೇವರ ಮುಂದೆ ಕೂತು ಬೈದು, ಅತ್ತು, ಆಮೇಲೆ ದೀಪ ಹಚ್ಚಿ.

ಅವನು ಬೇರೆ, ನಿಮ್ಮ ಹಂಬಲ ಬೇರೆ. ಅವನು ಹೋದ, ಆದರೆ ಹಂಬಲ ನಿಮ್ಮದೇ ಅಲ್ವಾ? ಅಕ್ಕಮಹಾದೇವಿಯನ್ನು ನೆನೆಯಿರಿ. ಕೌಶಿಕ ರಾಜ ಕೊಟ್ಟ ಮಾತಿಗೆ ತಪ್ಪಿದ ಅಂತ ಕಥೆ. ಅರಮನೆ ಬಿಟ್ಟು ಹೊರಟ ಅಕ್ಕ ಗಿಳಿ, ಕೋಗಿಲೆ, ದುಂಬಿ, ನವಿಲು ಎಲ್ಲವನ್ನೂ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಅಂತ ಕೇಳುತ್ತಾಳೆ. ಹಂಬಲವನ್ನು ಅವಳು ಕೊಲ್ಲಲಿಲ್ಲ, ಅದನ್ನೇ ದಾರಿ ಮಾಡಿಕೊಂಡಳು.

ಅದನ್ನು ಮಾಡುವುದು ಹೇಗೆ ಅಂದರೆ, ದಿನಾ ಒಂದೇ ಹೊತ್ತಿಗೆ ಹತ್ತು ನಿಮಿಷ ಕೂತುಕೊಳ್ಳಿ, ಅವನ ಮುಖ ಬಂದರೆ ಬರಲಿ, ಓಡಿಸಬೇಡಿ, ಎದೆಯಲ್ಲಿ ಎಲ್ಲಿ ಹಿಂಡುತ್ತಿದೆ ಅಂತ ನೋಡಿ, ಆ ಜಾಗದಲ್ಲೇ ಮನಸ್ಸಿಟ್ಟು ನಿಮ್ಮ ಇಷ್ಟದೇವರನ್ನು ಕರೆಯಿರಿ. ಅಷ್ಟೇ. ಮೊದಲ ವಾರ ಬರೀ ಅಳು ಬರುತ್ತದೆ.

ನಾನು ಕೂರುತ್ತಿದ್ದದ್ದು ನಮ್ಮ ತೋಟದ ಖಾಲಿ ಕಣದಲ್ಲಿ, ಫೆಬ್ರವರಿಯಲ್ಲಿ. ಬಿಸಿಲಿಗೆ ಕಾಫಿ ಎಲೆ ಜೋತುಬಿದ್ದಿದ್ದವು. ಗೆಣ್ಣು ಗೆಣ್ಣಿಗೂ ಸಣ್ಣ ಹಸಿರು ಮೊಗ್ಗು, ದಿನಾ ನೋಡಿದರೂ ಅಷ್ಟೇ ಇರುತ್ತಿದ್ದವು. ಹೀಗೆ ಒಣಗಿ ಕಾಯದಿದ್ದರೆ ಹೂವು ಒಟ್ಟಿಗೆ ಬಿಡುವುದಿಲ್ಲ ಮಗಳೇ ಅಂದರು ಅಪ್ಪ, ಗಿಡದ ಬಗ್ಗೆಯೇ. ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ, ಬಿತ್ತು. ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗೆ, ಮಲ್ಲಿಗೆಯಂಥ ಘಮ. ಆವತ್ತು ಕಣದಲ್ಲಿ ಕಣ್ಣು ಮುಚ್ಚಿದಾಗ ದೇವರ ಹೆಸರು ಮೊದಲು ಬಂತು, ಅವನ ಮುಖ ಆಮೇಲೆ.