ಅಮೆರಿಕಕ್ಕೆ ಹೊರಟವರು ಮೊದಲು ಕೈ ಅಳತೆ ತೆಗೆಸಿಕೊಳ್ಳಿ

ಪೆರ್ಲ, ಬದಿಯಡ್ಕ, ಕುಂಬಳೆ ಕಡೆಯಿಂದ ಅಮೆರಿಕಕ್ಕೆ ಕೆಲಸಕ್ಕೆ ಬರುವ ಹುಡುಗರು ನನಗೆ ಫೋನ್ ಮಾಡುತ್ತಿರುತ್ತಾರೆ. ವೀಸಾ, ಬ್ಯಾಂಕು, ಮನೆ ಬಾಡಿಗೆ ಎಲ್ಲ ಅವರಿಗೆ ಗೊತ್ತು. ಸಿಕ್ಕಿಬೀಳುವುದು ಅಂಗಿಯಲ್ಲಿ. 'ಡ್ರೆಸ್ ಶರ್ಟ್ ಹಾಕಿಕೊಂಡು ಬನ್ನಿ' ಎಂದು ಆಫೀಸಿನಿಂದ ಮೇಲ್ ಬಂದಿರುತ್ತದೆ. "ಅಣ್ಣಾ, ಮಂಗಳೂರಲ್ಲಿ ತೆಗೊಂಡ ಒಳ್ಳೆ ಚೆಕ್ಸ್ ಶರ್ಟ್ ಉಂಟು, ಸಾಕಲ್ವಾ?" ಎಂದು ಕಳೆದ ವಾರ ಒಬ್ಬ ಕೇಳಿದ. ಸಾಲದು.

ನಮ್ಮೂರಲ್ಲಿ ಇಸ್ತ್ರಿ ಹಾಕಿದ ಅರ್ಧ ಕೈ ಅಂಗಿ ಮದುವೆಗೂ ಆಗುತ್ತದೆ, ಶಾಲೆಯ ಮೇಷ್ಟ್ರಿಗೂ ಆಗುತ್ತದೆ. ನಮ್ಮ ಸೆಕೆಗೆ ಅದೇ ಸರಿ. ಅಮೆರಿಕದಲ್ಲಿ ಡ್ರೆಸ್ ಶರ್ಟ್ ಎಂದರೆ ಟೈ ಕಟ್ಟಿ, ಕೋಟಿನ ಒಳಗೆ ಹಾಕುವಂಥ ಅಂಗಿ. ಪೂರ್ತಿ ಕೈ, ಗಟ್ಟಿ ಕಾಲರ್, ನುಣುಪು ಬಟ್ಟೆ. ಬಿಳಿ ಅಥವಾ ತಿಳಿ ನೀಲಿ ತೆಗೆದುಕೊಂಡರೆ ಯೋಚನೆಯೇ ಇಲ್ಲ. ಕೆಳಗಿನ ಅಂಚು ನೋಡಿ. ಬಾಗಿ ಉದ್ದಕ್ಕೆ ಇಳಿದಿದ್ದರೆ ಪ್ಯಾಂಟಿನೊಳಗೆ ಸೇರಿಸುವ ಅಂಗಿ. ನೇರ ಕತ್ತರಿಸಿದ್ದರೆ ಹೊರಗೆ ಬಿಡುವ ಅಂಗಿ. ಕಾಲರ್ ತುದಿಗಳನ್ನು ಪುಟ್ಟ ಗುಂಡಿ ಹಾಕಿ ಕೂರಿಸಿದ್ದರೆ ಅದು 'ಬಟನ್ ಡೌನ್'. ಆಫೀಸಿಗೆ ನಡೆಯುತ್ತದೆ, ಇಂಟರ್‌ವ್ಯೂಗೆ ಬೇಡ ಎಂದೇ ನನ್ನ ಮಾತು.

ಲಂಡನ್ ಕಡೆ ಹೋಗುವವರು ಅಂಗಡಿಯಲ್ಲಿ 'ಫಾರ್ಮಲ್ ಶರ್ಟ್' ಎಂದು ಕೇಳಿ. ಅಲ್ಲಿ ಡ್ರೆಸ್ ಶರ್ಟ್ ಎಂದರೆ ಬೋ ಟೈ, ಡಿನ್ನರ್ ಜಾಕೆಟ್ ಜೊತೆ ಹಾಕುವಂಥದ್ದು.

ಇನ್ನು ನನ್ನ ದುಡ್ಡು ಹೋದ ವಿಷಯ. ಅಮೆರಿಕದ ಡ್ರೆಸ್ ಶರ್ಟ್ ಮೇಲೆ 15½, 32/33 ಎಂದು ಎರಡು ಅಳತೆ ಇರುತ್ತದೆ, ಇಂಚಿನಲ್ಲಿ. ಮೊದಲಿನದು ಕುತ್ತಿಗೆ ಸುತ್ತಳತೆ. ಊರಿನ ರೆಡಿಮೇಡ್ ಫಾರ್ಮಲ್ ಅಂಗಿಯ 39, 40 ಕೂಡ ಸಾಮಾನ್ಯವಾಗಿ ಕಾಲರಿನ ಅಳತೆಯೇ, ಸೆಂಟಿಮೀಟರಿನಲ್ಲಿ. 39 ಅಂದರೆ ಹೆಚ್ಚುಕಡಿಮೆ 15½ ಇಂಚು. ಎರಡನೆಯದು ಕೈ ಉದ್ದ. 32/33 ಎಂದರೆ 32, 33 ಎರಡು ಅಳತೆಗೂ ಒಂದೇ ಅಂಗಿ. ಬದಿಯಡ್ಕದ ಟೈಲರ್ ಪುಸ್ತಕದಲ್ಲಿ ನನ್ನ ಕೈ 25 ಇಂಚು. ಅಂಗಡಿಯಲ್ಲಿ 25 ಎಲ್ಲೂ ಇರಲಿಲ್ಲ. ಕಡಿಮೆ ಇದ್ದದ್ದೇ ನನಗೆ ಹತ್ತಿರ ಎಂದುಕೊಂಡು 32/33ರ ನಾಲ್ಕು ಅಂಗಿ ಕೊಂಡೆ. ಕ್ಲಿಯರೆನ್ಸ್ ಸೇಲ್, 160 ಡಾಲರ್. ಪಿನ್ನು ಕಿತ್ತು ನಾಲ್ಕನ್ನೂ ಒಗೆದೆ. ಇಂಟರ್‌ವ್ಯೂ ದಿನ ಕೈಕುಲುಕಲು ಕೈ ಚಾಚಿದಾಗ ಕಫ್ ಮಣಿಗಂಟಿನಿಂದ ಎರಡು ಬೆರಳು ಮೇಲೆ ಸರಿದು ಕೋಟಿನೊಳಗೆ ಹೋಯಿತು. ಉಳಿದಷ್ಟು ಹೊತ್ತು ಕೈ ಮಡಿಲಲ್ಲಿಟ್ಟು ಕೂತಿದ್ದೆ. ಒಗೆದ ಅಂಗಿ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

ನಮ್ಮ ಟೈಲರ್ ಟೇಪು ಇಡುವುದು ಭುಜದ ತುದಿಯಲ್ಲಿ. ಅಮೆರಿಕದವರು ಕುತ್ತಿಗೆಯ ಹಿಂದೆ ನಡುವಿನ ಮೂಳೆಯಿಂದ ಶುರು ಮಾಡುತ್ತಾರೆ. ಅಲ್ಲಿಂದ ಭುಜದ ಮೇಲೆ ಹಾಯ್ದು, ಮೊಣಕೈ ಸ್ವಲ್ಪ ಮಡಚಿ, ಮಣಿಗಂಟಿನವರೆಗೆ. ಅಂದರೆ ಅರ್ಧ ಶೋಲ್ಡರ್, ಎರಡು ಭುಜದ ತುದಿಗಳ ನಡುವಿನ ಅಗಲದ ಅರ್ಧ, ಕೂಡುತ್ತದೆ. ನನ್ನ ಶೋಲ್ಡರ್ 18. ಅದರ ಅರ್ಧ 9, ಕೈ 25, ಒಟ್ಟು 34. ನಾನು ಕೊಳ್ಳಬೇಕಿದ್ದದ್ದು 34/35.

ಎರಡು ಅಳತೆಯ ನಡುವೆ ಬಿದ್ದರೆ ಉದ್ದದ್ದನ್ನೇ ಕೊಳ್ಳಿ. ಕೈ ಗಿಡ್ಡ ಮಾಡಿಸಬಹುದು, ಉದ್ದ ಮಾಡಿಸಲಾಗದು. ಆದರೆ ಅಮೆರಿಕದಲ್ಲಿ ಒಂದು ಅಂಗಿಯ ಕೈ ಗಿಡ್ಡ ಮಾಡಲು ನನ್ನ ಹತ್ತಿರ 25 ಡಾಲರ್ ಕೇಳಿದ್ದರು. ಹಾಗಾಗಿ ಹಾಕಿ ನೋಡದೆ ಪಿನ್ನು ಕೀಳಬೇಡಿ, ಟ್ಯಾಗ್ ಹರಿಯಬೇಡಿ. ಕಫ್‌ಗೆ ಗುಂಡಿ ಇದೆಯೇ ಎಂದೂ ನೋಡಿ. ಮಡಚುವ ಫ್ರೆಂಚ್ ಕಫ್‌ಗೆ ಗುಂಡಿ ಇರುವುದಿಲ್ಲ, ಕಫ್‌ಲಿಂಕ್ ಬೇರೆಯೇ ಕೊಳ್ಳಬೇಕು. ಕಾಲರಿನ ಒಳಗಿನ ಪ್ಲಾಸ್ಟಿಕ್ ಕಡ್ಡಿಗಳನ್ನು ಒಗೆಯುವ ಮೊದಲು ತೆಗೆದಿಡಿ.

ರೆಡಿಮೇಡ್ ಕೊಳ್ಳುವುದಾದರೆ ಕುತ್ತಿಗೆ, ಕೈ ಎರಡನ್ನೂ ಬೇರೆ ಬೇರೆ ಹೇಳುವ ಅಮೆರಿಕದ ಪದ್ಧತಿಯೇ ಮೇಲು. ನಮ್ಮಲ್ಲಿ 40 ಎಂಬ ಒಂದೇ ನಂಬರಿಗೆ ಉದ್ದ ಕೈಯವನೂ ಗಿಡ್ಡ ಕೈಯವನೂ ಹೊಂದಿಕೊಳ್ಳಬೇಕು. ಮೈಗೆ ಸರಿಯಾಗಿ ಕೂರುವ ವಿಷಯಕ್ಕೆ ಬಂದರೆ ಮಾತ್ರ ನಮ್ಮ ಟೈಲರ್ ಹೊಲಿದ ಅಂಗಿಗೆ ಸಾಟಿ ಇಲ್ಲ.

ಹೋದ ಸಲ ಊರಿಗೆ ಬಂದಾಗ ಅಕ್ಕನ ಮಗನನ್ನು ಅದೇ ಟೈಲರ್ ಹತ್ತಿರ ಕರೆದುಕೊಂಡು ಹೋದೆ. ಟೇಪಿನ ತುದಿಯನ್ನು ನಾನೇ ಅವನ ಕುತ್ತಿಗೆಯ ಹಿಂದೆ ಒತ್ತಿ ಹಿಡಿದೆ. "ಇದೆಂಥ ಅಳತೆ ಮಾರಾಯ್ರೇ?" ಎಂದರು ಟೈಲರ್. ಹೇಳಿದ ಮೇಲೆ ಅವರೇ ಇನ್ನೊಮ್ಮೆ ಅಳೆದು, ಬಿಲ್ಲಿನ ಹಿಂದೆ '15½, ಕೈ 35' ಎಂದು ಬರೆದುಕೊಟ್ಟರು. ಅದನ್ನು ಅವನು ಪಾಸ್‌ಪೋರ್ಟಿನ ಕವರಿನಲ್ಲಿ ಇಟ್ಟುಕೊಂಡಿದ್ದಾನೆ.