ಮುಖವಿಲ್ಲದ ಫೋಟೊ ಗೋಡೆಗೇರಿದ್ದು

ಪ್ರದರ್ಶನಕ್ಕೆಂದು ಮೊದಲು ಆರಿಸಿದ ನಲವತ್ತು ಚಿತ್ರಗಳ ಪೈಕಿ ಹದಿನೆಂಟರಲ್ಲಿ ಮಂಜಿತ್ತು. ಮಲೆನಾಡಿನಲ್ಲಿ ಕ್ಯಾಮೆರಾ ಹಿಡಿದವರಿಗೆ ಅಂಟುವ ರೋಗವಿದು: ಮಂಜು ಕವಿದರೆ ಸಾಕು, ವಿಷಾದ ಸಿಕ್ಕಿತೆಂದು ಹಿಗ್ಗುತ್ತೇವೆ. ಶಿವಮೊಗ್ಗದ ನನ್ನ ಬಾಡಿಗೆ ಕೋಣೆಯ ನೆಲದ ಮೇಲೆ ಹರವಿ ನೋಡಿದರೆ ಕ್ಯಾಲೆಂಡರಿನ ಹಾಳೆಗಳಂತಿದ್ದವು. ಹದಿನೆಂಟನ್ನೂ ತೆಗೆದುಹಾಕಿದೆ.

ನನ್ನ ವಿಷಯ ಶರಾವತಿಯ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಊರು ಬಿಟ್ಟವರಲ್ಲಿ ನಮ್ಮ ಅಜ್ಜನ ಮನೆಯವರೂ ಇದ್ದರು. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಬೇಸಿಗೆಯಲ್ಲಿ ನೀರು ಚೆನ್ನಾಗಿ ಇಳಿದರೆ ಕರಿಯ ಮರದ ಬೊಡ್ಡೆಗಳು ಮೇಲೇಳುತ್ತವೆ, ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಕಾಣುತ್ತದೆ. ಮುಳುಗಿಸಿದ್ದೂ ಅಣೆಕಟ್ಟು, ಮುಳುಗಿದ್ದೂ ಅಣೆಕಟ್ಟು! ಅಲ್ಲಿನ ಚಿತ್ರಗಳನ್ನೆಲ್ಲ ನೆತ್ತಿ ಸುಡುವ ಬಿಸಿಲಿನಲ್ಲೇ ತೆಗೆದೆ. ಸಂಜೆಯ ಹೊಂಬಣ್ಣ ಬೊಡ್ಡೆಯನ್ನೂ ಚಂದಗಾಣಿಸಿಬಿಡುತ್ತದೆ. ನನಗೆ ಅದು ಬೇಕಿರಲಿಲ್ಲ.

ಪ್ರದರ್ಶನಕ್ಕೆ ಜೀವ ಬಂದದ್ದು ಮಾತ್ರ ಸಾಗರದ ಬಳಿ ಅತ್ತೆಯ ಮನೆಯಲ್ಲಿ. ದೇವರ ಕೋಣೆಯ ಗೋಡೆಯ ಮೇಲೆ ಅಜ್ಜಿಯದೊಂದು ಸ್ಟುಡಿಯೊ ಫೋಟೊ ಇದೆ. ಎಷ್ಟೋ ಮಳೆಗಾಲಗಳ ತೇವಕ್ಕೆ ಅದು ಗಾಜಿಗೇ ಅಂಟಿಕೊಂಡಿದೆ. ಬೂಷ್ಟು ತಿಂದು ಮುಖವಿದ್ದ ಜಾಗ ಬೆಳ್ಳಗಾಗಿದೆ. ಉಳಿದಿರುವುದು ಸೀರೆಯ ಅಂಚು, ಪಕ್ಕದಲ್ಲಿ ನಿಂತ ಮೂರು ವರ್ಷದ ಅತ್ತೆ, ಅವರ ಹೆಗಲ ಮೇಲೊಂದು ಕೈ. ಆ ಕೈಯ ಬಳೆಗಳನ್ನು ಎಣಿಸಬಹುದು: ಐದು.

ಗಾಜಿನಿಂದ ಬಿಡಿಸಲು ಹೋದರೆ ಚಿತ್ರದ ಪದರವೇ ಕಿತ್ತುಬರುತ್ತದೆ. ಹಾಗಾಗಿ ಗಾಜಿನ ಮೇಲಿಂದಲೇ ಪ್ರತಿ ತೆಗೆದೆ. ಚೌಕಟ್ಟನ್ನು ಜಗಲಿಯ ಗೋಡೆಗೆ ನೇರ ನಿಲ್ಲಿಸಿ, ಒಂದು ಬದಿಯಿಂದ ಅಂಗಳದ ಬೆಳಕು, ಇನ್ನೊಂದು ಬದಿಗೆ ಅದನ್ನು ಹಿಂದಿರುಗಿಸಲು ಮಾವನ ಬಿಳಿ ಪಂಚೆ. ಗಾಜಿನಲ್ಲಿ ನನ್ನದೇ ಪ್ರತಿಬಿಂಬ ಕಾಣುತ್ತಿತ್ತು. ಕರಿಕಂಬಳಿಯನ್ನು ಕ್ಯಾಮೆರಾದ ಮುಂದೆ ಪರದೆಯಂತೆ ಇಳಿಬಿಟ್ಟು, ಅದರ ತೂತಿನಿಂದ ಲೆನ್ಸ್ ಮಾತ್ರ ಹೊರಬರುವಂತೆ ಮಾಡಿದೆ. ತೂತು ಹಳೆಯದೇ, ಇಲಿ ಕಡಿದದ್ದು. ಬೆಳಕು ಸಾಲದ್ದಕ್ಕೆ ಕ್ಯಾಮೆರಾದ ಕಣ್ಣನ್ನು ಅರ್ಧ ಸೆಕೆಂಡು ತೆರೆದಿಟ್ಟೆ.

ಮುದ್ರಣದ ಅಂಗಡಿಯವನು ಕಂಪ್ಯೂಟರಿನಲ್ಲಿ ಮುಖ ಕೂಡಿಸಿಕೊಡುತ್ತೇನೆಂದ. ಬೇಡವೆಂದು ಬಂದೆನಾದರೂ ಮನಸ್ಸು ಅಳುಕಿತು. ತಾಯಿಯ ಮುಖ ಬೇಕೋ ಬೇಡವೋ ಎಂದು ತೀರ್ಮಾನಿಸಲು ನಾನು ಯಾರು? ಅತ್ತೆಯನ್ನೇ ಕೇಳಿದೆ. ಅಡಿಕೆ ಸುಲಿಯುತ್ತಿದ್ದವರು ಕತ್ತಿಯಿಂದ ಕಣ್ಣೆತ್ತಲಿಲ್ಲ.

“ಯಾರದೋ ಮುಖಕ್ಕೆ ನಾನು ಎಡೆ ಇಡಬೇಕೇನೋ? ಕೈ ಅಮ್ಮನದೇ ಅಲ್ಲವಾ, ಇರಲಿ ಬಿಡು.”

ಚಿತ್ರದ ಕೆಳಗೆ ಈ ಮಾತನ್ನೇ ಬರೆದೆ. ಉಳಿದವಕ್ಕೂ ನಾನು ಬರೆದಿದ್ದ ಕವಿತೆಯಂಥ ಸಾಲುಗಳನ್ನು ಹರಿದುಹಾಕಿ, ಊರಿನ ಹೆಸರಷ್ಟೇ ಹಾಕಿದೆ.

ಜುಲೈಯಲ್ಲಿ ಪ್ರದರ್ಶನ ಇಟ್ಟದ್ದು ನನ್ನ ದಡ್ಡತನ. ಫೋಮ್ ಬೋರ್ಡುಗಳು ಎರಡೇ ದಿನಕ್ಕೆ ಹಪ್ಪಳದಂತೆ ಬಾಗಿದವು, ಅಂಟುಪಟ್ಟಿ ಸುಣ್ಣದ ಗೋಡೆಯನ್ನು ಕಚ್ಚಲಿಲ್ಲ. ರಾತ್ರಿ ಹಗ್ಗ ಕಟ್ಟಿ ಬಟ್ಟೆಯ ಕ್ಲಿಪ್ಪಿನಲ್ಲಿ ಚಿತ್ರಗಳನ್ನು ನೇತುಹಾಕಿದೆ. ನಿಜ ಹೇಳಬೇಕೆಂದರೆ, ಹಾಗೆಯೇ ಚೆನ್ನಾಗಿ ಕಂಡವು.

ಮುಗಿದ ಮೇಲೆ ಅಜ್ಜಿಯ ದೊಡ್ಡ ಮುದ್ರಣವನ್ನು ಅತ್ತೆಗೆ ಒಯ್ದುಕೊಟ್ಟೆ. ಇಷ್ಟು ದೊಡ್ಡದನ್ನು ಎಲ್ಲಿ ಇಡುವುದು ಎಂದರು. ಅಂಚೆಕಾರ್ಡಿನ ಅಳತೆಯದೊಂದನ್ನು ಮಾಡಿಸಿಕೊಟ್ಟೆ.