ಬೆಲೆ ಹೇಳೋ ಮುಂಚೆ ಲೆಕ್ಕ ಬರೆಯಿರಿ

ತೀರ್ಥಹಳ್ಳಿ, ಸಾಗರದ ಕಡೆ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರಬೇಕು ಅಂತಿರೋ ಅಕ್ಕಂದಿರಿಗೆ ಒಂದು ಮಾತು. ಮೊದಲ ವರ್ಷ ನಾನು ಮಿಡಿ, ಉಪ್ಪು, ಮೆಣಸಿನಪುಡಿ ಅಷ್ಟನ್ನೇ ಲೆಕ್ಕ ಹಿಡಿದು ಬೆಲೆ ಹೇಳಿದ್ದೆ. ಬಾಟಲಿ, ಲೇಬಲ್, ಕೊರಿಯರ್, ಸೊನೆ ತಾಗಿ ಸುಟ್ಟ ಕೈಯ ಕೂಲಿ ಯಾವುದೂ ಸೇರಿರಲಿಲ್ಲ. ಈಗ ನೋಟ್‌ಬುಕ್ಕಿನ ಎಡಪುಟದಲ್ಲಿ ಖರ್ಚು, ಬಲಪುಟದಲ್ಲಿ ಮಾರಾಟ. ನನ್ನ ದಿನಗೂಲಿಯನ್ನೂ ಎಡಕ್ಕೇ ಬರೀತೀನಿ.

ಸಣ್ಣ ಉದ್ದಿಮೆಗಳಿಗಿರೋ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ತಿನ್ನೋ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇರೆಯೇ ಬೇಕು.

ಕಲಿಯೋಕೆ ಬ್ಯಾಂಕುಗಳು ನಡೆಸೋ ಆರ್‌ಸೆಟಿಗೆ, ಅಂದ್ರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ತರಬೇತಿ ಸಂಸ್ಥೆಯ ಮಾದರಿಯದು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಮುಂದಿನ ಬ್ಯಾಚ್ ಯಾವಾಗ ಅಂತ ನಿಮ್ಮ ಬ್ಯಾಂಕಿನಲ್ಲೇ ಕೇಳಿ ನೋಡಿ.